ಓದುಗರ ಪ್ರಶ್ನೆ, ನಮ್ಮ ಉತ್ತರ: ಘೋಷಣೆಗೆ ಸಹಿ ಹಾಕದ ಜಾನ್ ಡಿಕಿನ್ಸನ್

ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ ತುಂಬುವ ನೆಪದಲ್ಲಿ ಕಳೆದ ಸಂಚಿಕೆಯ ಈ ಅಂಕಣದಲ್ಲಿ ಒಂದು ಮಾತು ಬಂದಿತ್ತು: ವಸಾಹತುಗಳ ಹಕ್ಕಿಗಾಗಿ ಮೊದಲಿನಿಂದಲೂ ಬಹಳಷ್ಟು ಬರೆದ ಜಾನ್ ಡಿಕಿನ್ಸನ್ ಕೊನೆಗೆ ಆ ಘೋಷಣೆಗೆ ಸಹಿ ಹಾಕಲಿಲ್ಲ ಎಂಬುದು. ಇಷ್ಟು ಹೇಳಿ ಮುಂದೆ ಸಾಗಿದ್ದು ಹಲವು ಓದುಗರಿಗೆ ಸಮಾಧಾನ ತಂದಿಲ್ಲ. ಬಂದ ಪತ್ರಗಳಲ್ಲಿ ಆಯ್ದವನ್ನು ಇಲ್ಲಿ ತೆಗೆದುಕೊಂಡಿದ್ದೇವೆ; ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ವಾಷಿಂಗ್ಟನ್, ಜೆಫರ್ಸನ್, ಫ್ರಾಂಕ್ಲಿನ್ ಇವರನ್ನು ಮಕ್ಕಳಿಗೆ ಪಾಠ ಹೇಳಿದ್ದೇನೆ. ಡಿಕಿನ್ಸನ್ ಎಂಬ ಹೆಸರು ನಮ್ಮ ಪಠ್ಯಗಳಲ್ಲಿ ಎಲ್ಲಿಯೂ ಇರಲಿಲ್ಲ. ಈತ ಯಾರು?
(ನಿವೃತ್ತ ಇತಿಹಾಸ ಶಿಕ್ಷಕರು, ಧಾರವಾಡ)

ಉತ್ತರ: ಜಾನ್ ಡಿಕಿನ್ಸನ್ ಹುಟ್ಟಿದ್ದು 1732ರಲ್ಲಿ, ಮೇರಿಲ್ಯಾಂಡಿನ ಒಂದು ಶ್ರೀಮಂತ ಜಮೀನ್ದಾರಿ ಮನೆತನದಲ್ಲಿ. ಹುಡುಗನಾಗಿದ್ದಾಗಲೇ ಕುಟುಂಬವು ಡೆಲವೇರ್ ಪ್ರಾಂತದ ಡೋವರ್ ಊರಿನ ಸಮೀಪದ ಜಮೀನಿಗೆ ಬಂದು ನೆಲೆಸಿತು. ತಂದೆ ಅಲ್ಲಿ ನ್ಯಾಯಾಧೀಶನೂ ಆಗಿದ್ದ. ಮನೆತನ ಕ್ವೇಕರ್ ಪಂಥದ್ದು, ಅಂದರೆ ಪಾದ್ರಿಗಳಿಲ್ಲದ, ಶಸ್ತ್ರ ಹಿಡಿಯುವುದನ್ನು ಒಪ್ಪದ, ಸರಳ ಬದುಕನ್ನು ಆಚರಿಸುವ ಕ್ರೈಸ್ತ ಪಂಥದ್ದು. ಡಿಕಿನ್ಸನ್ ದೊಡ್ಡವನಾದ ಮೇಲೆ ಪಂಥದ ವಿಧ್ಯುಕ್ತ ಸದಸ್ಯನಾಗಿ ಉಳಿಯಲಿಲ್ಲ, ಆತ್ಮರಕ್ಷಣೆಗಾಗಿ ಯುದ್ಧ ಮಾಡುವುದು ಸರಿಯೆಂದೇ ನಂಬಿದ್ದ. ಆದರೂ ಒಳಗಿನ ಸಂಸ್ಕಾರ ಕ್ವೇಕರರದ್ದೇ. 1770ರಲ್ಲಿ ಮದುವೆಯಾದ ಮೇರಿ ನಾರಿಸ್ ಕೂಡ ಪೆನ್ಸಿಲ್ವೇನಿಯಾದ ಹೆಸರಾಂತ ಕ್ವೇಕರ್ ಮನೆಯ ಮಗಳು. ಆಕೆಯ ತಂದೆ ಅಲ್ಲಿನ ಶಾಸನಸಭೆಯ ಸ್ಪೀಕರ್ ಆಗಿದ್ದವನು.

1753ರಿಂದ 1757ರವರೆಗೆ ಡಿಕಿನ್ಸನ್ ಲಂಡನ್ನಿನ ಮಿಡ್ಲ್ ಟೆಂಪಲ್‌ನಲ್ಲಿ ಕಾನೂನು ಓದಿದ. ಅಲ್ಲಿಂದ ತಂದೆತಾಯಿಗೆ ಬರೆದ ಕಾಗದಗಳು ಉಳಿದಿವೆ, ಮತ್ತು ಅವುಗಳಲ್ಲಿ ಒಂದು ನಮ್ಮ ಓದುಗರಿಗೆ ತೀರ ಪರಿಚಿತವೆನಿಸಬಹುದು. ಇಂಗ್ಲೆಂಡಿನ ಪಾರ್ಲಿಮೆಂಟ್ ಚುನಾವಣೆಯ ವೈಖರಿಯನ್ನು ಕಂಡು ದಂಗಾದ ಈ ಯುವಕ ತಂದೆಗೆ ಬರೆಯುವುದು ಹೀಗೆ: ಹೇಳಿದಂತೆ ಮತ ಹಾಕಲು ಒಪ್ಪದ ಮನುಷ್ಯನಿಗೆ ಪ್ರಜ್ಞೆ ತಪ್ಪುವಷ್ಟು ಕುಡಿಸಿ, ಎಲ್ಲ ಮುಗಿಯುವವರೆಗೂ ಅದೇ ಸ್ಥಿತಿಯಲ್ಲಿ ಇಟ್ಟಿರುತ್ತಾರೆ, ಅಷ್ಟು ದಿನವೂ ಮನೆಯವರಿಗೆ, ಸ್ನೇಹಿತರಿಗೆ ಅವನ ಸುದ್ದಿಯೇ ಇರುವುದಿಲ್ಲ. ಬ್ರಿಟಿಷ್ ಸಂವಿಧಾನದ ಬಗ್ಗೆ ಡಿಕಿನ್ಸನ್‌ಗೆ ಭಕ್ತಿ ಇತ್ತು, ಅದನ್ನು ನಡೆಸುವವರ ಬಗ್ಗೆ ಭ್ರಮೆ ಇರಲಿಲ್ಲ. ಮುಂದಿನ ಅವನ ಬರವಣಿಗೆಯಲ್ಲೆಲ್ಲ ಈ ಎರಡೂ ಒಟ್ಟಿಗೆ ಕಾಣುತ್ತವೆ.

ಊರಿಗೆ ಮರಳಿ ಫಿಲಡೆಲ್ಫಿಯಾದಲ್ಲಿ ವಕೀಲಿ ಹಿಡಿದ. ಡೆಲವೇರ್ ಮತ್ತು ಪೆನ್ಸಿಲ್ವೇನಿಯಾ ಎರಡೂ ಕಡೆ ಶಾಸನಸಭೆಯಲ್ಲಿ ಕುಳಿತ. 1765ರಲ್ಲಿ, ಕಾಗದಪತ್ರಗಳ ಮೇಲೆ ಬ್ರಿಟನ್ ತೆರಿಗೆ ಹಾಕಿದ ಸ್ಟಾಂಪ್ ಕಾಯಿದೆಯ ವಿರುದ್ಧ ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿದಾಗ ಹಕ್ಕುಗಳ ಮತ್ತು ಅಹವಾಲುಗಳ ಘೋಷಣೆಯ ಕರಡು ಬರೆದ ಕೈ ಇವನದು. 1775ರಲ್ಲಿ ದೊರೆ ಮೂರನೇ ಜಾರ್ಜನಿಗೆ ಕಳಿಸಿದ ಕೊನೆಯ ಸಂಧಾನದ ಅರ್ಜಿ ಬರೆದವನೂ ಇವನೇ. ಅದೇ ವಾರ ಹೊರಬಿದ್ದ, ಶಸ್ತ್ರ ಹಿಡಿಯಲು ಕಾರಣವೇನೆಂಬ ಹೇಳಿಕೆಯನ್ನು ಜೆಫರ್ಸನ್ ಜೊತೆ ಬರೆದವನೂ ಇವನೇ. ಹೀಗಿದ್ದೂ ಪಠ್ಯಗಳಲ್ಲಿ ಹೆಸರಿಲ್ಲದಿರುವುದಕ್ಕೆ ನಮಗೆ ತೋರುವ ಕಾರಣ ಸರಳ: ಸ್ವಾತಂತ್ರ್ಯದ ಕಥೆಯನ್ನು ಸಹಿ ಮಾಡಿದವರ ಪಟ್ಟಿಯಿಂದ ಹೇಳುವುದು ರೂಢಿಯಾಗಿದೆ.

ಪ್ರಶ್ನೆ: ಡಿಕಿನ್ಸನ್‌ನ ಮುಖ್ಯ ಬರವಣಿಗೆ ಯಾವುದು? ‘ಪೆನ್ಸಿಲ್ವೇನಿಯಾದ ರೈತನ ಪತ್ರಗಳು’ ಎಂದು ಕೇಳಿದ್ದೇನೆ. ವಕೀಲನಾದವನು ರೈತನೆಂದು ಹೇಳಿಕೊಂಡದ್ದೇಕೆ?
(ಕಾನೂನು ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: 1767ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಟೌನ್‌ಷೆಂಡ್ ಎಂಬ ಹಣಕಾಸು ಸಚಿವನ ಹೆಸರಿನಿಂದ ಪ್ರಸಿದ್ಧವಾದ ಕಾಯಿದೆಗಳನ್ನು ತಂದು, ಅಮೆರಿಕದ ವಸಾಹತುಗಳಿಗೆ ಹೋಗುವ ಗಾಜು, ಸೀಸ, ಬಣ್ಣ, ಕಾಗದ ಮತ್ತು ಚಹಾದ ಮೇಲೆ ಸುಂಕ ಹಾಕಿತು. ಎರಡು ವರ್ಷ ಹಿಂದೆ ಸ್ಟಾಂಪ್ ಕಾಯಿದೆಯ ವಿರುದ್ಧ ಬೀದಿಗಿಳಿದಿದ್ದ ಜನ ಈ ಸಲ ಬಹುಮಟ್ಟಿಗೆ ಸುಮ್ಮನಿದ್ದರು, ಏಕೆಂದರೆ ಇದು ಬಂದರಿನಲ್ಲಿ ಕಟ್ಟುವ ಸುಂಕ, ನೋಡಲು ಹಳೆಯ ವ್ಯಾಪಾರ ನಿಯಮದ ಹಾಗೆಯೇ ಇತ್ತು. ಆ ಮೌನವನ್ನು ಮುರಿದದ್ದು ಡಿಸೆಂಬರ್ 1767ರಿಂದ ಫಿಲಡೆಲ್ಫಿಯಾದ ಪತ್ರಿಕೆಗಳಲ್ಲಿ ಬರಲು ತೊಡಗಿದ ಹನ್ನೆರಡು ಪತ್ರಗಳು. ಅವುಗಳ ಕೆಳಗೆ ‘ಒಬ್ಬ ರೈತ’ ಎಂದಷ್ಟೇ ಇತ್ತು.

ಮೊದಲ ಪತ್ರದ ಆರಂಭದಲ್ಲಿ ಈ ರೈತ ತನ್ನ ಪರಿಚಯ ಹೇಳಿಕೊಳ್ಳುತ್ತಾನೆ: ಬದುಕಿನ ಏಳುಬೀಳುಗಳ ಬಳಿಕ ಡೆಲವೇರ್ ನದಿಯ ದಡದ ಹತ್ತಿರ ನೆಲೆಸಿದ್ದೇನೆ, ಹೊಲ ಚಿಕ್ಕದು, ಆಳುಗಳು ಕೆಲವರೇ, ಆದರೆ ಒಳ್ಳೆಯವರು, ಬಡ್ಡಿಗೆ ಬಿಟ್ಟ ಸ್ವಲ್ಪ ಹಣವಿದೆ, ಇದಕ್ಕಿಂತ ಹೆಚ್ಚು ಬೇಡ. ಇದರಲ್ಲಿ ನದಿಯೊಂದನ್ನು ಬಿಟ್ಟು ಉಳಿದದ್ದನ್ನು ಅಕ್ಷರಶಃ ನಂಬುವಂತಿಲ್ಲ. ಡಿಕಿನ್ಸನ್ ಆ ಹೊತ್ತಿಗೆ ಫಿಲಡೆಲ್ಫಿಯಾದ ಬಲುದೊಡ್ಡ ವಕೀಲರಲ್ಲಿ ಒಬ್ಬ, ಡೆಲವೇರಿನ ದೊಡ್ಡ ಜಮೀನಿನ ಒಡೆಯ. ಆದರೆ ವೇಷ ಯೋಚಿಸಿ ತೊಟ್ಟದ್ದು. ವಕೀಲನ ಮಾತನ್ನು ಕಕ್ಷಿದಾರನ ಪರವಾದ ಮಾತೆಂದು ಜನ ಅನುಮಾನಿಸುತ್ತಾರೆ; ಸ್ಥಾನಮಾನ ಬಯಸದ, ತನ್ನ ಪಾಡಿಗೆ ತಾನಿರುವ, ಪುಸ್ತಕ ಓದುವ ರೈತನ ಮಾತನ್ನು ಹಾಗೆ ತಳ್ಳಿಹಾಕಲು ಬರುವುದಿಲ್ಲ.

ಕಾನೂನು ಓದುತ್ತಿರುವ ತಾವು ಮುಖ್ಯವಾಗಿ ಗಮನಿಸಬೇಕಾದದ್ದು ವಾದದ ಹೆಣಿಗೆಯನ್ನು. ಸಾಮ್ರಾಜ್ಯದ ವ್ಯಾಪಾರವನ್ನು ಕ್ರಮಪಡಿಸುವ ಅಧಿಕಾರ ಪಾರ್ಲಿಮೆಂಟಿಗೆ ಇದೆ ಎಂದು ಡಿಕಿನ್ಸನ್ ಒಪ್ಪುತ್ತಾನೆ. ಆದರೆ ವ್ಯಾಪಾರ ಕ್ರಮಪಡಿಸುವಾಗ ಪ್ರಾಸಂಗಿಕವಾಗಿ ಒದಗುವ ಹಣ ಬೇರೆ, ಹಣ ಎತ್ತುವುದಕ್ಕೆಂದೇ ಹಾಕಿದ ಸುಂಕ ಬೇರೆ; ಎರಡನೆಯದು ತೆರಿಗೆ, ಮತ್ತು ಪ್ರತಿನಿಧಿಗಳ ಒಪ್ಪಿಗೆಯಿಲ್ಲದೆ ತೆರಿಗೆ ಹಾಕುವ ಅಧಿಕಾರ ಯಾರಿಗೂ ಇಲ್ಲ. ಇದರ ಅಪಾಯವನ್ನು ಎರಡನೇ ಪತ್ರದಲ್ಲಿ ತೋರಿಸುವ ಬಗೆ ನಿಜವಾಗಿ ಚೆನ್ನಾಗಿದೆ. ಕೆಲವು ವಸ್ತುಗಳನ್ನು ವಸಾಹತಿನವರು ತಾವೇ ತಯಾರಿಸಬಾರದು ಎಂದು ಬ್ರಿಟನ್ನು ಈಗಾಗಲೇ ನಿಷೇಧ ಹಾಕಿದೆ. ಇನ್ನು ಆ ವಸ್ತುಗಳ ಮೇಲೆ ಬೇಕಾದಷ್ಟು ಸುಂಕ ಹಾಕಬಹುದು ಎಂದೂ ನಾವು ಒಪ್ಪಿಬಿಟ್ಟರೆ, ತಯಾರಿಸುವಂತಿಲ್ಲ, ಕೊಳ್ಳದೆ ಇರುವಂತಿಲ್ಲ, ಕೊಂಡರೆ ಕೇಳಿದಷ್ಟು ತೆರಬೇಕು. ಅಲ್ಲಿಗೆ ಅಮೆರಿಕದ ಸ್ವಾತಂತ್ರ್ಯದ ದುರಂತ ನಾಟಕ ಮುಗಿದಂತೆ. ಏಳನೆಯ ಪತ್ರದಲ್ಲಿ ಇನ್ನೊಂದು ಆಕ್ಷೇಪವನ್ನು ಎತ್ತಿಕೊಳ್ಳುತ್ತಾನೆ. ಸುಂಕ ಅಷ್ಟು ಕಡಿಮೆ ಇರುವಾಗ ಗದ್ದಲವೇಕೆ ಎಂದು ಕೇಳುವವರಿಗೆ, ಕಡಿಮೆ ಇರುವುದೇ ತನಗೆ ಹೆಚ್ಚು ಭಯ ಹುಟ್ಟಿಸಿದೆ ಎನ್ನುತ್ತಾನೆ. ಹೊರೆಯೆನಿಸದ ಮೊತ್ತವನ್ನು ಜನ ತಕರಾರಿಲ್ಲದೆ ಕಟ್ಟುತ್ತಾರೆ. ಒಮ್ಮೆ ಕಟ್ಟಿದ್ದು ಪೂರ್ವನಿದರ್ಶನವಾಗುತ್ತದೆ. ನಿದರ್ಶನ ಸಿಕ್ಕ ಮೇಲೆ ಮೊತ್ತ ಎಷ್ಟಾದರೂ ಆಗಬಹುದು.

ಆಗಿನ ಹದಿಮೂರು ವಸಾಹತುಗಳ ಇಂಗ್ಲಿಷ್ ಪತ್ರಿಕೆಗಳಲ್ಲಿ ಕೆಲವನ್ನು ಬಿಟ್ಟು ಉಳಿದವೆಲ್ಲ ಈ ಪತ್ರಗಳನ್ನು ಮರುಮುದ್ರಿಸಿದವು. ಬಾಸ್ಟನ್ನಿನ ಪುರಸಭೆ ಸೇರಿ, ಇನ್ನೂ ಹೆಸರು ಹೇಳಿಕೊಳ್ಳದ ರೈತನಿಗೆ ಧನ್ಯವಾದ ಅರ್ಪಿಸಿತು. ಲಂಡನ್ನಿನ ಆವೃತ್ತಿಗೆ ಮುನ್ನುಡಿ ಬರೆದವನು ಬೆಂಜಮಿನ್ ಫ್ರಾಂಕ್ಲಿನ್. 1764ರಲ್ಲಿ ಪೆನ್ಸಿಲ್ವೇನಿಯಾವನ್ನು ಅದರ ಒಡೆತನ ಹೊಂದಿದ್ದ ಪೆನ್ ಮನೆತನದ ಕೈಯಿಂದ ಬಿಡಿಸಿ ನೇರವಾಗಿ ದೊರೆಯ ಆಡಳಿತಕ್ಕೆ ಒಪ್ಪಿಸಬೇಕೆಂದು ಫ್ರಾಂಕ್ಲಿನ್ ಹಟ ಹಿಡಿದಾಗ, ಈಗಿರುವ ಹಕ್ಕುಗಳೂ ಹೋದಾವು ಎಂದು ಎದುರು ನಿಂತವನು ಇದೇ ಡಿಕಿನ್ಸನ್. ಹಾಗಾಗಿ ಆ ಮುನ್ನುಡಿ ಗೆಳೆತನದ ಮುನ್ನುಡಿಯಲ್ಲ ಎಂಬುದನ್ನು ನೆನಪಿಡಬೇಕು.

ಪ್ರತಿರೋಧದ ರೀತಿಯ ಬಗ್ಗೆಯೂ ಪತ್ರಗಳಲ್ಲಿ ಖಚಿತ ನಿಲುವಿದೆ: ಮೊದಲು ಅರ್ಜಿ, ಅದು ಫಲಿಸದಿದ್ದರೆ ಬ್ರಿಟಿಷ್ ಸರಕಿನ ಬಹಿಷ್ಕಾರ, ಬಲಪ್ರಯೋಗವೇನಿದ್ದರೂ ಎಲ್ಲ ದಾರಿ ಮುಚ್ಚಿದ ಮೇಲೆ. ಸ್ವಾತಂತ್ರ್ಯದ ಕಾರ್ಯಕ್ಕೆ ಇರುವ ಘನತೆಯನ್ನು ದೊಂಬಿ ಗಲಾಟೆಗಳಿಂದ ಕೊಳೆಮಾಡಬಾರದು ಎಂಬ ಮೂರನೇ ಪತ್ರದ ಮಾತು 1776ರಲ್ಲಿ ಅವನು ನಡೆದುಕೊಂಡ ರೀತಿಗೆ ಮುಂಗಡ ವಿವರಣೆ.

ಪ್ರಶ್ನೆ: ಈಸ್ಟ್ ಇಂಡಿಯಾ ಕಂಪನಿಯ ಚಹಾ ಅಮೆರಿಕದ ಕ್ರಾಂತಿಗೆ ಕಾರಣವಾಯಿತು ಎನ್ನುತ್ತಾರೆ. ಅದೇ ಕಂಪನಿ ಭಾರತದಲ್ಲಿ ಮಾಡುತ್ತಿದ್ದುದು ಅಲ್ಲಿನವರಿಗೆ ತಿಳಿದಿತ್ತೇ?
(ನಿವೃತ್ತ ಬ್ಯಾಂಕ್ ಉದ್ಯೋಗಿ, ಮಂಗಳೂರು)

ಉತ್ತರ: ತಿಳಿದಿತ್ತು, ಮತ್ತು ಅದನ್ನು ಅತ್ಯಂತ ಕಟುವಾಗಿ ಬರೆದವರಲ್ಲಿ ಡಿಕಿನ್ಸನ್ ಒಬ್ಬ. 1770ರಲ್ಲಿ ಟೌನ್‌ಷೆಂಡ್ ಸುಂಕಗಳಲ್ಲಿ ಉಳಿದವನ್ನು ತೆಗೆದುಹಾಕಿದರೂ ಚಹಾದ ಮೇಲಿನ ಸುಂಕವನ್ನು ಮಾತ್ರ ಉಳಿಸಿಕೊಂಡಿದ್ದರು. 1773ರಲ್ಲಿ ದಿವಾಳಿಯ ಅಂಚಿಗೆ ಬಂದ ಕಂಪನಿಯನ್ನು ಉಳಿಸಲು, ಅದು ತನ್ನ ಚಹಾವನ್ನು ನೇರವಾಗಿ ಅಮೆರಿಕಕ್ಕೆ ತಂದು ಮಾರಬಹುದೆಂಬ ಕಾಯಿದೆ ಬಂತು. (ಆ ಚಹಾ ಚೀನಾದ್ದು, ಅಸ್ಸಾಮಿನ ತೋಟಗಳು ಹುಟ್ಟಿದ್ದು 19ನೇ ಶತಮಾನದಲ್ಲಿ.) ಅದೇ ನವೆಂಬರಿನಲ್ಲಿ, ಬಾಸ್ಟನ್ನಿನಲ್ಲಿ ಚಹಾದ ಪೆಟ್ಟಿಗೆಗಳು ಸಮುದ್ರಕ್ಕೆ ಬೀಳುವ ಕೆಲವೇ ವಾರಗಳ ಮೊದಲು, ಡಿಕಿನ್ಸನ್ ‘ರಸ್ಟಿಕಸ್’ ಎಂಬ ಅಂಕಿತದಲ್ಲಿ ಒಂದು ಪತ್ರ ಪ್ರಕಟಿಸಿದ.

ಅದರಲ್ಲಿ ಕಂಪನಿಯ ಏಷ್ಯಾದ ನಡತೆಯನ್ನು ಸಾಕ್ಷಿಯಾಗಿ ಮುಂದಿಡುತ್ತಾನೆ: ರಾಷ್ಟ್ರಗಳ ನಿಯಮವನ್ನಾಗಲಿ, ಮನುಷ್ಯರ ಹಕ್ಕನ್ನಾಗಲಿ, ಜೀವವನ್ನಾಗಲಿ ಇವರು ಲೆಕ್ಕಿಸಿದವರಲ್ಲ, ಯುದ್ಧ ಹೂಡಿದರು, ದಂಗೆಯೆಬ್ಬಿಸಿದರು, ಅರಸರನ್ನು ಗದ್ದುಗೆಯಿಂದ ಇಳಿಸಿದರು, ಲಾಭಕ್ಕಾಗಿ ಲಕ್ಷಾಂತರ ಜನರನ್ನು ಬಲಿಗೊಟ್ಟರು. ಒಂದೇ ವರ್ಷದಲ್ಲಿ ಹದಿನೈದು ಲಕ್ಷ ಜನ ಹಸಿವಿನಿಂದ ಸತ್ತರೆಂದು ಹೇಳುತ್ತಾರೆ, ಅದೂ ಭೂಮಿ ಬೆಳೆ ಕೊಡದೆ ಅಲ್ಲ, ಕಂಪನಿಯೂ ಅದರ ನೌಕರರೂ ಧಾನ್ಯವನ್ನೆಲ್ಲ ಕೈವಶ ಮಾಡಿಕೊಂಡು ಬಡವರು ಕೊಳ್ಳಲಾಗದ ಬೆಲೆಗೆ ಏರಿಸಿದ್ದರಿಂದ. ಇದು 1769–70ರ ಬಂಗಾಳದ ಬರ. ಬರಕ್ಕೆ ಮಳೆಯ ಕೊರತೆಯೂ ಕಾರಣವಾಗಿತ್ತು ಎಂಬುದನ್ನು ಇಲ್ಲಿ ಸೇರಿಸಬೇಕು, ಇನ್ನು ಸತ್ತವರ ಸಂಖ್ಯೆ ಡಿಕಿನ್ಸನ್ ಕೇಳಿದ್ದಕ್ಕಿಂತ ಬಹಳ ಹೆಚ್ಚು. ಬಂಗಾಳದ ಜನರಲ್ಲಿ ಮೂರನೇ ಒಂದು ಪಾಲು ಎಂಬುದು ವಾರನ್ ಹೇಸ್ಟಿಂಗ್ಸ್ 1772ರಲ್ಲಿ ಕೊಟ್ಟ ಅಂದಾಜು. ಭಾರತವನ್ನು ಹಿಂಡಿ ಬರಿದು ಮಾಡಿದವರು ಈಗ ಹೊಸ ಆಟದ ಬಯಲಾಗಿ ಅಮೆರಿಕದ ಮೇಲೆ ಕಣ್ಣು ಹಾಕಿದ್ದಾರೆ ಎಂಬುದು ಪತ್ರದ ಒಟ್ಟು ಎಚ್ಚರಿಕೆ. ರಾತ್ರಿ ಗಸ್ತಿನ ಕಾವಲುಗಾರರು ಇನ್ನು ಮೇಲೆ ‘ಹನ್ನೆರಡು ಗಂಟೆ ದಾಟಿತು, ಈಸ್ಟ್ ಇಂಡಿಯಾ ಕಂಪನಿ ಬಗ್ಗೆ ಎಚ್ಚರ’ ಎಂದು ಕೂಗುತ್ತ ಹೋಗಲಿ ಎಂಬ ಸಲಹೆಯೂ ಅದರಲ್ಲಿದೆ. ಗಂಭೀರ ಸ್ವಭಾವದ ಈ ವಕೀಲನ ಬರವಣಿಗೆಯಲ್ಲಿ ಇಂಥ ವ್ಯಂಗ್ಯ ಅಪರೂಪ.

ಬಂಗಾಳದ ರೈತನ ಬಗೆಗಿನ ಕನಿಕರವೇ ಈ ಪತ್ರದ ಪ್ರೇರಣೆ ಎಂದು ಹೇಳಿದರೆ ಅತಿಯಾದೀತು. ಅವನ ಚಿಂತೆ ಫಿಲಡೆಲ್ಫಿಯಾದ್ದು. ಆದರೂ ಪಾರ್ಲಿಮೆಂಟಿನ ತೆರಿಗೆಯನ್ನೂ ವ್ಯಾಪಾರಿ ಸಂಸ್ಥೆಯ ಏಕಸ್ವಾಮ್ಯವನ್ನೂ ಒಂದೇ ಕುತ್ತೆಂದು ಕಂಡು, ಅದಕ್ಕೆ ಸಾವಿರಾರು ಮೈಲಿ ದೂರದ ಸಾಕ್ಷ್ಯವನ್ನು ತಂದ ಬುದ್ಧಿ ಸಾಮಾನ್ಯದ್ದಲ್ಲ.

ಪ್ರಶ್ನೆ: ಇಷ್ಟೆಲ್ಲ ಬರೆದವನು ಸಮಯ ಬಂದಾಗ ಹಿಂಜರಿದದ್ದು ಹೇಡಿತನವಲ್ಲವೇ?
(ಮೈಸೂರು, ಬಳ್ಳಾರಿ ಮತ್ತು ಪುಣೆಯ ಓದುಗರು)

ಉತ್ತರ: ಸ್ವಾತಂತ್ರ್ಯದ ಪರ ಮುಂದೆ ನಿಂತು ವಾದಿಸಿದ ಮ್ಯಾಸಚೂಸೆಟ್ಸಿನ ಪ್ರತಿನಿಧಿ ಜಾನ್ ಆಡಮ್ಸ್‌ಗೂ ಹಾಗೆಯೇ ಅನಿಸಿತ್ತು. ಜುಲೈ 1775ರಲ್ಲಿ, ಡಿಕಿನ್ಸನ್ ದೊರೆಗೆ ಮತ್ತೊಂದು ಅರ್ಜಿ ಕಳಿಸೋಣವೆಂದು ಪಟ್ಟು ಹಿಡಿದಿದ್ದಾಗ, ದೊಡ್ಡ ಆಸ್ತಿಯ ಸಣ್ಣ ಬುದ್ಧಿಯವನೊಬ್ಬ ನಮ್ಮ ಕೆಲಸವನ್ನೆಲ್ಲ ಹುಚ್ಚಾಟ ಮಾಡಿಟ್ಟಿದ್ದಾನೆ ಎಂದು ಆಡಮ್ಸ್ ಗೆಳೆಯನಿಗೆ ಬರೆದ. ಕಾಗದ ಬ್ರಿಟಿಷರ ಕೈಗೆ ಸಿಕ್ಕಿ ಪತ್ರಿಕೆಯಲ್ಲಿ ಅಚ್ಚಾಯಿತು. ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ಸಿಗೆ, ಅಂದರೆ ವಸಾಹತುಗಳ ಪ್ರತಿನಿಧಿಗಳ ಸಭೆಗೆ, ಹೋಗುತ್ತಿದ್ದ ಆಡಮ್ಸ್‌ಗೆ ಚೆಸ್ಟ್‌ನಟ್ ಬೀದಿಯಲ್ಲಿ ಡಿಕಿನ್ಸನ್ ಎದುರಾದ. ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರದಲ್ಲಿ ಹಾದುಹೋದರು. ಆಡಮ್ಸ್ ಟೋಪಿ ತೆಗೆದು ಬಾಗಿದ. ಡಿಕಿನ್ಸನ್ ಟೋಪಿಯನ್ನಾಗಲಿ, ತಲೆಯನ್ನಾಗಲಿ, ಕೈಯನ್ನಾಗಲಿ ಅಲುಗಿಸದೆ ನಡೆದುಬಿಟ್ಟ. ಇದನ್ನು ದಿನಚರಿಯಲ್ಲಿ ಬರೆದಿಟ್ಟವನು ಸ್ವತಃ ಆಡಮ್ಸ್.

ಆದರೆ ಹೇಡಿತನ ಎಂಬ ತೀರ್ಪನ್ನು ನಾವು ಒಪ್ಪುವುದಿಲ್ಲ. 1776ರ ಜುಲೈ 1ರಂದು ಡಿಕಿನ್ಸನ್ ಆಡಿದ ಭಾಷಣದ ಟಿಪ್ಪಣಿಗಳು ಉಳಿದಿವೆ. ಸ್ವಾತಂತ್ರ್ಯ ಎಂದಿಗೂ ಬೇಡ ಎಂಬ ವಾದ ಅಲ್ಲಿಲ್ಲ. ಇವತ್ತು ಬೇಡ ಎಂಬ ವಾದವಿದೆ. ಫ್ರಾನ್ಸಿನ ಬೆಂಬಲ ಇನ್ನೂ ಖಾತ್ರಿಯಾಗಿಲ್ಲ, ವಸಾಹತುಗಳ ನಡುವೆ ಒಕ್ಕೂಟದ ಒಪ್ಪಂದವಾಗಿಲ್ಲ, ಒಂದಕ್ಕೊಂದರ ಗಡಿ ಜಗಳಗಳು ಬಗೆಹರಿದಿಲ್ಲ. ಈ ಸ್ಥಿತಿಯಲ್ಲಿ ಘೋಷಣೆ ಮಾಡುವುದು ಕಾಗದದ ದೋಣಿಯಲ್ಲಿ ಬಿರುಗಾಳಿಗೆ ಇಳಿದಂತೆ ಎಂದ. ಈ ಮಾತಿನಿಂದ ತನ್ನ ಜನಪ್ರಿಯತೆ ಮುಗಿಯಿತೆಂಬುದು ತಿಳಿದೇ ಇತ್ತು. ಬೀದಿಯೆಲ್ಲ ಒಂದು ಕಡೆ ಇದ್ದಾಗ ಇನ್ನೊಂದು ಕಡೆ ನಿಂತು ಇಡೀ ಸಭೆಯ ಎದುರು ಮಾತಾಡಿದವನನ್ನು ತಪ್ಪು ಮಾಡಿದವನೆನ್ನಬಹುದು, ಪುಕ್ಕಲನೆನ್ನಲು ಬರುವುದಿಲ್ಲ. ಆ ದಿನ ಅವನಿಗೆ ಉತ್ತರ ಕೊಟ್ಟ ಆಡಮ್ಸ್ ಕೂಡ, ಡಿಕಿನ್ಸನ್ ಚತುರನಾಗಿಯೂ ವಾಗ್ಮಿಯಾಗಿಯೂ ಅಷ್ಟೇ ಸೌಜನ್ಯದಿಂದಲೂ ವಾದಿಸಿದನೆಂದು ಮುಂದೆ ತನ್ನ ಆತ್ಮಕಥನದಲ್ಲಿ ಬರೆದ.

ಮರುದಿನ ನಡೆದದ್ದು ಇನ್ನೂ ಮುಖ್ಯ. ಪೆನ್ಸಿಲ್ವೇನಿಯಾದ ಪ್ರತಿನಿಧಿಗಳಲ್ಲಿ ಡಿಕಿನ್ಸನ್ ಮತ್ತು ರಾಬರ್ಟ್ ಮಾರಿಸ್ ಮತದಾನಕ್ಕೆ ಕುಳಿತುಕೊಳ್ಳಲಿಲ್ಲ. ಅವರಿಬ್ಬರು ಹೊರಗುಳಿದದ್ದರಿಂದ ಮೂರಕ್ಕೆ ಎರಡರಂತೆ ಆ ವಸಾಹತಿನ ಮತ ಸ್ವಾತಂತ್ರ್ಯದ ಪರ ಬಿತ್ತು. ತನ್ನ ಮನಸ್ಸು ಒಪ್ಪದ್ದಕ್ಕೆ ಹೂಂ ಎನ್ನಲಿಲ್ಲ, ಹದಿಮೂರೂ ವಸಾಹತುಗಳು ಕೂಡಿ ನಿಲ್ಲುವುದಕ್ಕೆ ಅಡ್ಡಿಯೂ ಆಗಲಿಲ್ಲ. 1768ರಲ್ಲಿ ತಾನೇ ಕಟ್ಟಿದ ಸ್ವಾತಂತ್ರ್ಯದ ಹಾಡಿನಲ್ಲಿ ಒಗ್ಗೂಡಿದರೆ ನಿಲ್ಲುತ್ತೇವೆ, ಒಡೆದರೆ ಬೀಳುತ್ತೇವೆ ಎಂದು ಬರೆದವನು ಇದಕ್ಕಿಂತ ಬೇರೆ ಏನು ಮಾಡಬಹುದಿತ್ತೋ ನಮಗೆ ತೋಚದು.

ಅದಾದ ಕೆಲವೇ ದಿನಗಳಲ್ಲಿ ಡಿಕಿನ್ಸನ್ ತನ್ನ ಪಡೆಯೊಂದಿಗೆ ನ್ಯೂಜೆರ್ಸಿಯ ಎಲಿಜಬೆತ್‌ಟೌನಿಗೆ, ಬ್ರಿಟಿಷ್ ಸೈನ್ಯದ ಎದುರಿಗೆ ಹೊರಟ. ಸಹಿ ಹಾಕಿದವರಲ್ಲಿ ಬಹುಪಾಲು ಜನ ಆಗ ಫಿಲಡೆಲ್ಫಿಯಾದಲ್ಲೇ ಇದ್ದರು. ಕಾಂಗ್ರೆಸ್ ಸ್ಥಾನ ಹೋಯಿತು, ಬೇಸತ್ತು ಸೇನಾಧಿಕಾರದ ಹುದ್ದೆಯನ್ನೂ ಬಿಟ್ಟ. 1777ರಲ್ಲಿ ಡೆಲವೇರಿನ ಪಡೆಯಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದ. ಅದೇ ವರ್ಷ ಫಿಲಡೆಲ್ಫಿಯಾದ ಹೊರವಲಯದಲ್ಲಿದ್ದ ಅವನ ಹೆಂಡತಿಯ ಮನೆತನದ ಮನೆಯನ್ನು ಬ್ರಿಟಿಷರು ಸುಟ್ಟರು. 1808ರ ಫೆಬ್ರವರಿಯಲ್ಲಿ ವಿಲ್ಮಿಂಗ್ಟನ್ನಿನಲ್ಲಿ ಅವನು ತೀರಿಕೊಂಡಾಗ, ಆಗ ಅಧ್ಯಕ್ಷನಾಗಿದ್ದ ಜೆಫರ್ಸನ್, ಇವನಿಗಿಂತ ಗೌರವಾರ್ಹನೂ ನಿಜವಾದ ದೇಶಭಕ್ತನೂ ನಮ್ಮನ್ನು ಅಗಲಿರಲಾರ ಎಂದು ಬರೆದ. ಘೋಷಣೆಯನ್ನು ಬರೆದವನ ಮಾತು ಅದು.

ಪ್ರಶ್ನೆ: ಸ್ವಾತಂತ್ರ್ಯದ ಬಗ್ಗೆ ಬರೆದ ಈ ಜಮೀನ್ದಾರನ ಹೊಲದಲ್ಲಿ ದುಡಿದವರು ಯಾರು? ಅದನ್ನು ಮುಚ್ಚಿಡದೆ ಬರೆಯಿರಿ.
(ಕಾಲೇಜು ಅಧ್ಯಾಪಕರು, ಕಲಬುರಗಿ)

ಉತ್ತರ: ಗುಲಾಮರು. ಡಿಕಿನ್ಸನ್‌ನ ತಂದೆ ದೊಡ್ಡ ಸಂಖ್ಯೆಯ ಆಫ್ರಿಕನ್ ಗುಲಾಮರ ಒಡೆಯನಾಗಿದ್ದ. 1760ರಲ್ಲಿ ತಂದೆ ತೀರಿಕೊಂಡ ಮೇಲೆ ಜಮೀನಿನ ಜೊತೆಗೆ ಜನರೂ ಆಸ್ತಿಯಾಗಿ ಮಗನ ಪಾಲಿಗೆ ಬಂದರು. ರೈತನ ಏಳನೇ ಪತ್ರದಲ್ಲಿ ಒಂದು ತರ್ಕ ಬರುತ್ತದೆ: ತಮ್ಮ ಒಪ್ಪಿಗೆಯಿಲ್ಲದೆ ತೆರಿಗೆ ತೆರುವವರು ಗುಲಾಮರು, ನಾವು ಒಪ್ಪಿಗೆಯಿಲ್ಲದೆ ತೆರಿಗೆ ತೆರುತ್ತಿದ್ದೇವೆ, ಆದ್ದರಿಂದ ನಾವು ಗುಲಾಮರು. ಕೊನೆಯ ಪದವನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಮಾಡಿದ್ದರು. ಅದನ್ನು ಬರೆದ 1767–68ರಲ್ಲಿ ಡೋವರ್ ಸಮೀಪದ ಅವನದೇ ಹೊಲಗಳಲ್ಲಿ ಕೊಳ್ಳುವ ಮಾರುವ ಜೀವಗಳು ಗೋಧಿ ಬೆಳೆಯುತ್ತಿದ್ದವು. ಪತ್ರದ ‘ಕೆಲವೇ ಒಳ್ಳೆಯ ಆಳುಗಳು’ ಎಂಬ ಮಾತನ್ನು ಈ ಹಿನ್ನೆಲೆಯಲ್ಲಿ ಇನ್ನೊಮ್ಮೆ ಓದಬೇಕು.

ಮುಂದಿನದನ್ನೂ ಅಷ್ಟೇ ನೇರವಾಗಿ ಹೇಳಬೇಕು. 1777ರ ಮೇ ತಿಂಗಳಲ್ಲಿ ಡಿಕಿನ್ಸನ್ ತನ್ನ ಗುಲಾಮರ ಬಿಡುಗಡೆಯ ಪತ್ರ ಬರೆದ. ಆದರೆ ಅದು ಷರತ್ತಿನದು. ಇನ್ನೂ 21 ವರ್ಷ ದುಡಿಯಬೇಕಿತ್ತು. ಮೂವತ್ತು ವರ್ಷದ ಮನುಷ್ಯನಿಗೆ ಅದು ಐವತ್ತೊಂದನೇ ವಯಸ್ಸಿನ ಬಿಡುಗಡೆ. ಕ್ವೇಕರರು ತಮ್ಮವರ ಮೇಲೆ ಹೇರುತ್ತಿದ್ದ ಒತ್ತಡ, ಹೆಂಡತಿಯ ಮನೆಯ ವಾತಾವರಣ, ತಾನೇ ಬರೆದ ಮಾತುಗಳ ಭಾರ ಇವೆಲ್ಲ ಕೂಡಿ 1786ರ ಹೊತ್ತಿಗೆ ಯಾವ ಷರತ್ತೂ ಇಲ್ಲದೆ ಎಲ್ಲರನ್ನೂ ಬಿಡುಗಡೆ ಮಾಡಿದ. ಬದುಕಿರುವಾಗಲೇ ಹೀಗೆ ಮಾಡಿದವರು ಅವನ ಅಂತಸ್ತಿನ ಮುತ್ಸದ್ದಿಗಳಲ್ಲಿ ತೀರ ಕಡಿಮೆ. ಜೆಫರ್ಸನ್ ಮಾಡಲಿಲ್ಲ, ವಾಷಿಂಗ್ಟನ್ ಉಯಿಲಿನಲ್ಲಿ ಮಾಡಿದ. ಡೆಲವೇರಿನಲ್ಲಿ ಗುಲಾಮಗಿರಿಯನ್ನು ಕ್ರಮೇಣ ತೆಗೆದುಹಾಕುವ ಕಾಯಿದೆಯ ಕರಡನ್ನೂ ಬರೆದ, ಅದು ಜಾರಿಗೆ ಬರಲಿಲ್ಲ. ಆ ರಾಜ್ಯದಲ್ಲಿ ಗುಲಾಮಗಿರಿ ಕೊನೆಗೊಂಡದ್ದು ಡಿಸೆಂಬರ್ 1865ರಲ್ಲಿ, ಸಂವಿಧಾನದ 13ನೇ ತಿದ್ದುಪಡಿಯಿಂದ.

1787ರ ಸಂವಿಧಾನ ಸಭೆಯಲ್ಲಿ ಗುಲಾಮರ ಆಮದಿಗೆ ಸಂವಿಧಾನವೇ ಅನುಮತಿ ಕೊಡುವುದು ಮರ್ಯಾದೆಯ ದೃಷ್ಟಿಯಿಂದಲೂ ಸುರಕ್ಷೆಯ ದೃಷ್ಟಿಯಿಂದಲೂ ಒಪ್ಪತಕ್ಕದ್ದಲ್ಲ ಎಂದು ವಾದಿಸಿದ. ಗುಲಾಮರ ತಲೆ ಎಣಿಸಿ ಒಡೆಯರ ರಾಜ್ಯಗಳಿಗೆ ಹೆಚ್ಚು ಪ್ರತಿನಿಧಿಗಳನ್ನು ಕೊಡುವ ಏರ್ಪಾಡಿನ ಬಗ್ಗೆ, ಗುಲಾಮರಿಂದ ಪಡೆದ ಬಲದ ಮೇಲೆ ಸ್ವತಂತ್ರರನ್ನು ಆಳುವ ಹಕ್ಕನ್ನು ಕಟ್ಟಿದರೆ ಜಗತ್ತು ಏನೆಂದೀತು ಎಂದು ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡ. ಎರಡರಲ್ಲೂ ಸೋತ. ಡೋವರ್ ಹತ್ತಿರದ ಆ ಮನೆ ಈಗ ಸಾರ್ವಜನಿಕರಿಗೆ ತೆರೆದಿರುವ ಸ್ಮಾರಕ. ಅದರ ಜಮೀನಿನಲ್ಲಿ ಅಲ್ಲಿ ದುಡಿದು ಸತ್ತವರ ಸಮಾಧಿಸ್ಥಳವನ್ನು ಪುರಾತತ್ವಜ್ಞರು ಗುರುತಿಸಿದ್ದು 2021ರಲ್ಲಷ್ಟೇ.

ಪ್ರಶ್ನೆ: ಸಂವಿಧಾನ ರಚನೆಯಲ್ಲಿ ಈತನ ಪಾತ್ರವೇನು?
(ಓದುಗರು, ತುಮಕೂರು)

ಉತ್ತರ: ಮೊದಲಿಗೆ, 1776ರಲ್ಲಿ ಹದಿಮೂರು ರಾಜ್ಯಗಳ ಒಕ್ಕೂಟದ ನಿಯಮಾವಳಿಯ ಮೊದಲ ಕರಡು ಇವನದು. ಅದರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಖಾತರಿಯನ್ನು ಸ್ತ್ರೀಪುರುಷರಿಬ್ಬರನ್ನೂ ಹೆಸರಿಸಿ ಬರೆದಿದ್ದ. ಕಾಂಗ್ರೆಸ್ಸು ಅದನ್ನು ಕೈಬಿಟ್ಟಿತು. ಸ್ತ್ರೀಯರೂ ಪ್ರಾರ್ಥನಾಸಭೆಯಲ್ಲಿ ಎದ್ದು ಮಾತಾಡುವ ಕ್ವೇಕರ್ ರೂಢಿಯ ನೆರಳು ಇದರ ಮೇಲೆ ಬಿದ್ದಿರಬೇಕು.

1787ರಲ್ಲಿ ಡೆಲವೇರಿನ ಪ್ರತಿನಿಧಿಯಾಗಿ ಫಿಲಡೆಲ್ಫಿಯಾದ ಸಭೆಗೆ ಬಂದಾಗ ಐವತ್ನಾಲ್ಕರ ವಯಸ್ಸು, ಆರೋಗ್ಯ ಕೆಟ್ಟಿತ್ತು. ದೊಡ್ಡ ರಾಜ್ಯಗಳು ಎರಡೂ ಸದನಗಳಲ್ಲಿ ಜನಸಂಖ್ಯೆಯಂತೆ ಸ್ಥಾನ ಬೇಕೆಂದಾಗ, ಒಂದು ಸದನದಲ್ಲಾದರೂ ಪ್ರತಿ ರಾಜ್ಯಕ್ಕೂ ಸಮಾನ ಮತ ಇರಲಿ ಎಂದು ಜೂನ್ 2ರಂದೇ ಸೂಚಿಸಿದವನು ಡಿಕಿನ್ಸನ್. ವಾರಗಟ್ಟಲೆ ಜಗಳವಾಡಿ ಸಭೆ ಕೊನೆಗೆ ಬಂದು ನಿಂತದ್ದು ಅಲ್ಲಿಗೇ. ಸೆನೆಟರುಗಳನ್ನು ರಾಜ್ಯಗಳ ಶಾಸನಸಭೆಗಳೇ ಆರಿಸಬೇಕೆಂಬ ಸೂಚನೆಯೂ ಇವನದು. 1913ರ 17ನೇ ತಿದ್ದುಪಡಿಯವರೆಗೆ ಅದು ಹಾಗೆಯೇ ನಡೆಯಿತು. ನಮ್ಮ ರಾಜ್ಯಸಭೆಗೆ ವಿಧಾನಸಭೆಯ ಸದಸ್ಯರು ಮತ ಹಾಕುವುದನ್ನು ಕಂಡವರಿಗೆ ಈ ಪದ್ಧತಿ ಪರಿಚಿತ, ಆದರೆ ನಮ್ಮಲ್ಲಿ ಕರ್ನಾಟಕಕ್ಕೆ 12, ಗೋವಾಕ್ಕೆ 1. ಡಿಕಿನ್ಸನ್ ಹೋರಾಡಿದ ಸಮಾನತೆ ನಮ್ಮ ಮೇಲ್ಮನೆಯಲ್ಲಿ ಇಲ್ಲ. ಅನುಭವವೇ ನಮಗೆ ದಾರಿ ತೋರಬೇಕು, ತರ್ಕ ದಾರಿ ತಪ್ಪಿಸೀತು ಎಂಬ, ಆ ಸಭೆಯ ಬಗ್ಗೆ ಬರೆಯುವವರೆಲ್ಲ ಉದ್ಧರಿಸುವ ಮಾತು ಕೂಡ ಇವನದೇ. ಮರುವರ್ಷ ‘ಫೇಬಿಯಸ್’ ಎಂಬ ಅಂಕಿತದಲ್ಲಿ ಒಂಬತ್ತು ಪತ್ರ ಬರೆದು ಹೊಸ ಸಂವಿಧಾನವನ್ನು ಜನರಿಗೆ ವಿವರಿಸಿದ.

ಪ್ರಶ್ನೆ: ಪ್ರಿನ್ಸ್‌ಟನ್ನಿನ ನಸಾವ್ ಹಾಲ್ 1783ರಲ್ಲಿ ಕೆಲವು ತಿಂಗಳು ಅಮೆರಿಕದ ರಾಜಧಾನಿಯಾಗಿತ್ತೆಂದು ಇಲ್ಲಿ ಹೇಳುತ್ತಾರೆ. ಅದಕ್ಕೆ ಡಿಕಿನ್ಸನ್ ಕಾರಣವೆಂಬುದು ನಿಜವೇ?
(ಕನ್ನಡತಿಯೊಬ್ಬರು, ನ್ಯೂಜೆರ್ಸಿ)

ಉತ್ತರ: ಬಹುಮಟ್ಟಿಗೆ ನಿಜ. ಆಗ ಡಿಕಿನ್ಸನ್ ಪೆನ್ಸಿಲ್ವೇನಿಯಾದ ಅಧ್ಯಕ್ಷ, ಅಂದರೆ ಇಂದಿನ ಲೆಕ್ಕದಲ್ಲಿ ಗವರ್ನರ್. ಜೂನ್ 21ರಂದು ಸಂಬಳ ಸಿಗದ ನೂರಾರು ಸೈನಿಕರು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ಸು ಸೇರುತ್ತಿದ್ದ ಸಭಾಭವನವನ್ನು ಸುತ್ತುವರಿದರು. ರಾಜ್ಯದ ಪಡೆಯನ್ನು ಕರೆಸಿ ಎಂದು ಕಾಂಗ್ರೆಸ್ಸಿನ ಪರವಾಗಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಒತ್ತಾಯಿಸಿದ. ನಿಜವಾದ ಹಿಂಸೆ ನಡೆಯದ ಹೊರತು ತಮ್ಮದೇ ಸೈನಿಕರ ವಿರುದ್ಧ ನಾಗರಿಕ ಪಡೆ ಬರುವುದು ಸಂಶಯವೆಂದು ಡಿಕಿನ್ಸನ್ ಮತ್ತು ಅವನ ಮಂಡಳಿ ಒಪ್ಪಲಿಲ್ಲ. ಕಾಂಗ್ರೆಸ್ಸು ಸಿಟ್ಟಾಗಿ ಪ್ರಿನ್ಸ್‌ಟನ್ನಿಗೆ ಹೊರಟುಹೋಯಿತು. ದಂಗೆ ರಕ್ತವಿಲ್ಲದೆ ತಣ್ಣಗಾಯಿತು. ಯಾವ ರಾಜ್ಯದ ಹಂಗೂ ಇಲ್ಲದ ಪ್ರತ್ಯೇಕ ರಾಜಧಾನಿ ಪ್ರದೇಶ ಬೇಕೆಂದು ಸಂವಿಧಾನದಲ್ಲಿ ಬರೆದುಕೊಂಡದ್ದಕ್ಕೆ ಈ ಪ್ರಸಂಗವೂ ಕಾರಣ.

ಪ್ರಶ್ನೆ: ಅಮೆರಿಕದವರ ಒಂದು ಯುದ್ಧನೌಕೆಗೆ ನಮ್ಮ ಹೈದರ್ ಅಲಿಯ ಹೆಸರಿತ್ತಂತೆ. ಅದಕ್ಕೂ ಡಿಕಿನ್ಸನ್‌ಗೂ ಸಂಬಂಧವಿದೆಯೇ?
(ಓದುಗರು, ಶ್ರೀರಂಗಪಟ್ಟಣ)

ಉತ್ತರ: ನೌಕೆ ಇದ್ದದ್ದು ನಿಜ. ಹಡಗುಗಳನ್ನು ಬ್ರಿಟಿಷರಿಂದ ಕಾಪಾಡಲು ಫಿಲಡೆಲ್ಫಿಯಾದ ವರ್ತಕರು ಸಜ್ಜುಗೊಳಿಸಿ ಪೆನ್ಸಿಲ್ವೇನಿಯಾ ಸರ್ಕಾರ ವಹಿಸಿಕೊಂಡ ‘ಹೈದರ್ ಅಲಿ’ ಎಂಬ ನೌಕೆ, ಜೋಶುವಾ ಬಾರ್ನಿಯ ನಾಯಕತ್ವದಲ್ಲಿ, 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ಬ್ರಿಟಿಷ್ ನೌಕೆ ‘ಜನರಲ್ ಮಾಂಕ್’ಅನ್ನು ಸುಮಾರು ಅರ್ಧ ಗಂಟೆಯ ಕಾಳಗದಲ್ಲಿ ಸೆರೆಹಿಡಿಯಿತು. ಡಿಕಿನ್ಸನ್‌ಗೆ ಇದರಲ್ಲಿ ನೇರ ಪಾತ್ರವಿಲ್ಲ; ಕಾಳಗ ನಡೆದದ್ದು ಅವನು ಕೊಲ್ಲಿಯ ದಡದ ಡೆಲವೇರಿಗೆ ಅಧ್ಯಕ್ಷನಾಗಿದ್ದ ವರ್ಷದಲ್ಲಿ ಎಂಬುದಷ್ಟೇ ನಂಟು. ಹೆಸರು ಹೈದರನದೇ ಆದದ್ದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. 1769ರಲ್ಲಿ ಹೈದರನು ಮದ್ರಾಸಿನ ಬಾಗಿಲಿಗೆ ಬಂದ ಸುದ್ದಿಗೆ ಲಂಡನ್ನಿನಲ್ಲಿ ಕಂಪನಿಯ ಷೇರುಗಳು ಕುಸಿದಿದ್ದವು. 1780ರಲ್ಲಿ ಪೊಳ್ಳಿಲೂರಿನಲ್ಲಿ ಮೈಸೂರಿನ ಸೈನ್ಯ ಕಂಪನಿಯ ಪಡೆಯನ್ನು ನುಚ್ಚುನೂರು ಮಾಡಿತ್ತು. ಫ್ರಾನ್ಸು ಮೈಸೂರಿಗೂ ಮಿತ್ರ, ಅಮೆರಿಕಕ್ಕೂ ಮಿತ್ರ. ಫಿಲಿಪ್ ಫ್ರೆನೊ ಎಂಬ ಕವಿ ಈ ನೌಕೆಯ ಮೇಲೆ ಪದ್ಯ ಕಟ್ಟಿ, ಬ್ರಿಟಿಷರನ್ನು ನಾಚಿಸಿದ ಪೂರ್ವದ ಅರಸನೊಬ್ಬನಿಂದ ಇದಕ್ಕೆ ಹೆಸರು ಬಂತೆಂದು ಹಾಡಿದ.

ಪ್ರಶ್ನೆ: ಹಾಗಾದರೆ ಅಮೆರಿಕದ ಯಾವ ಮೂಲ ದಾಖಲೆಯ ಮೇಲೂ ಡಿಕಿನ್ಸನ್‌ನ ಸಹಿ ಇಲ್ಲವೇ?
(ಪದವಿ ವಿದ್ಯಾರ್ಥಿ, ಹಾಸನ)

ಉತ್ತರ: ಇದೆ. ಒಕ್ಕೂಟದ ನಿಯಮಾವಳಿಗೆ 1779ರ ಮೇ ತಿಂಗಳಲ್ಲಿ ಡೆಲವೇರಿನ ಪರವಾಗಿ ಸಹಿ ಹಾಕಿದ. ಸಂವಿಧಾನದ ಮೇಲೂ ಹೆಸರಿದೆ, ಕೈಬರಹ ಮಾತ್ರ ಅವನದಲ್ಲ. ಕಾಯಿಲೆಯಿಂದ ಊರಿಗೆ ಹೊರಟಿದ್ದ ಡಿಕಿನ್ಸನ್, ತನ್ನ ಪರವಾಗಿ ಸಹಿ ಮಾಡುವಂತೆ ಡೆಲವೇರಿನ ಸಹಪ್ರತಿನಿಧಿ ಜಾರ್ಜ್ ರೀಡ್‌ಗೆ ಬರೆದುಕೊಟ್ಟಿದ್ದ. ಈ ರೀಡ್ 1776ರ ಜುಲೈ 2ರಂದು ಸ್ವಾತಂತ್ರ್ಯದ ವಿರುದ್ಧವೇ ಮತ ಹಾಕಿದವನು. ಆಮೇಲೆ ಘೋಷಣೆಗೆ ಸಹಿ ಮಾಡಿದ. ಮತದಾನದಿಂದ ದೂರ ಉಳಿದ ರಾಬರ್ಟ್ ಮಾರಿಸ್ ಕೂಡ ಆಗಸ್ಟಿನಲ್ಲಿ ಸಹಿ ಮಾಡಿದ. ಘೋಷಣೆಯ 56 ಹೆಸರುಗಳಲ್ಲಿ ಇವರಿಬ್ಬರೂ ಇದ್ದಾರೆ.